ಟರ್ಕಿ ಕೋಳಿಗಳ ಮುಂದೆ ಅಕಸ್ಮಾತ್ತಾಗಿ

ನಮ್ಮ ಮನೆಯಲ್ಲಿ ಯಾರೂ ಸುಮ್ಮಸುಮ್ಮನೆ ಎಲ್ಲಿಗೂ ಹೋಗುತ್ತಿರಲಿಲ್ಲ. ಹೋದರೆ ಮದುವೆಗೆ, ಮುಂಜಿಗೆ, ಆಸ್ಪತ್ರೆಗೆ, ಇಲ್ಲವೇ ಹಲಸೂರಿನ ದೇವಸ್ಥಾನಕ್ಕೆ. ಹಾಗಾಗಿ ಒಂದು ಸಂಜೆ ಅಪ್ಪ ಕಾಫಿ ಲೋಟದೊಳಗೆ ನೋಡುತ್ತಾ, "ಈ ಭಾನುವಾರ ಎಲ್ರೂ ಫಾರಂಗೆ ಹೋಗೋಣ, ಪ್ರಾಣಿ ಗೀಣಿ ನೋಡ್ಕೊಂಡು ಬರೋಣ" ಎಂದಾಗ ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ಅಮ್ಮನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಅಕ್ಕನ ಕಡೆ ತಿರುಗಿ, "ಆ ಹಸಿರು ಸೀರೆ ಇಸ್ತ್ರಿಗೆ ಕೊಟ್ಬಿಡು" ಎಂದಳು. ಹಂದಿ, ಮೊಲ ನೋಡಲು ಯಾರೂ ಸೀರೆಗೆ ಇಸ್ತ್ರಿ ಮಾಡಿಸುವುದಿಲ್ಲ. ಅಕ್ಕ ಏನೂ ಕೇಳದೆ ಒಳಗೆ ಎದ್ದು ಹೋದಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳತೆ ಮಾಡಿ, ಸರಿ ಇದ್ದರೆ ಸರಿ, ಇಲ್ಲದಿದ್ದರೆ ವಾಪಸ್ಸು ಎಂದು ಗುರುತು ಹಾಕುವ ವಿಭಾಗ ಅವರದು. ನಾವಿದ್ದದ್ದು ಹಲಸೂರು ದಾಟಿದ ಮೇಲೆ ಸಿಗುತ್ತಿದ್ದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಮನೆಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರ ಮನೆಯ ಒಗ್ಗರಣೆಗೆ ಮೂರನೆಯ ಮನೆಯವರು ಸೀನುತ್ತಿದ್ದರು. ರವೆ ಹುರಿದ ವಾಸನೆಯ ಹಿಂದೆಯೇ ಏಲಕ್ಕಿ ವಾಸನೆಯೂ ಬಂದರೆ ಇಡೀ ಸಾಲಿಗೆ ಅರ್ಥವಾಗುತ್ತಿತ್ತು: ಈ ಮನೆಗೆ ಇವತ್ತು ಹೆಣ್ಣು ನೋಡಲು ಬರುತ್ತಾರೆ.

ನಮ್ಮ ಮನೆಯಿಂದ ಆ ವಾಸನೆ ಆಗಾಗ ಬರುತ್ತಿತ್ತು. ಅಕ್ಕ ಬಿ.ಎ. ಮುಗಿಸಿ, ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿ ಮನೆಯಲ್ಲಿದ್ದಳು. ಲಕ್ಷಣವಾಗಿದ್ದಳು, ಅಡುಗೆ ಬರುತ್ತಿತ್ತು. ಅಮ್ಮನ ಲೆಕ್ಕದಲ್ಲಿ ಅವಳಿಗಿದ್ದದ್ದು ಒಂದೇ ದೋಷ. ಅವಳು ನಕ್ಕರೆ ಬೀದಿಗೆ ಕೇಳುತ್ತಿತ್ತು. ಮೊದಲು ಬಿಕ್ಕಳಿಕೆಯ ಹಾಗೆ ಎರಡು ಸಲ ಗಂಟಲಲ್ಲಿ ಸಿಕ್ಕಿಕೊಂಡು, ಆಮೇಲೆ ಕಟ್ಟೆ ಒಡೆದು ನುಗ್ಗುವ ನಗು ಅದು. ಮೊದಲನೆಯ ಸಲ ನೋಡಲು ಬಂದಿದ್ದ ಗಂಡಿನ ಚಿಕ್ಕಪ್ಪನಿಗೆ ಕೇಸರಿಬಾತ್ ಬಾಯಲ್ಲಿರುವಾಗಲೇ ಸೀನು ಬಂತು. ಕೇಸರಿಬಾತ್ ಗಂಡಿನ ಕನ್ನಡಕದ ಮೇಲೆ ಹೋಗಿ ಕೂತಿತು. ಅಲ್ಲಿದ್ದವರೆಲ್ಲ ಏನೂ ನಡೆದೇ ಇಲ್ಲವೆಂಬಂತೆ ಗೋಡೆಯ ಕ್ಯಾಲೆಂಡರ್ ನೋಡಿದರು. ಅಕ್ಕ ನಕ್ಕುಬಿಟ್ಟಳು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಅಂದಿನಿಂದ ಅಮ್ಮನ ಕಟ್ಟಪ್ಪಣೆಯಾಯಿತು: ಬಾಯಿ ಮುಚ್ಚಿಕೊಂಡಿರಬೇಕು, ನಗು ಬಂದರೆ ಕಾಲಿನ ಹೆಬ್ಬೆರಳು ನೋಡಬೇಕು. ಅಕ್ಕ ಹಾಗೇ ಮಾಡಿದಳು. ಆಮೇಲೆ ಬಂದವರೂ ತಿಂಡಿ ತಿಂದು, ಕಾಫಿ ಕುಡಿದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋದರು. ಅವರ ಊರು ಬಸವನಗುಡಿಯೋ ಮಲ್ಲೇಶ್ವರವೋ ಆಗಿರುತ್ತಿತ್ತು. ಯಾರೂ ತಿಳಿಸುತ್ತಿರಲಿಲ್ಲ. ಆ ವೇಳೆಗೆ ಅಕ್ಕ ಮನೆಯಲ್ಲೂ ನಗುವುದನ್ನು ಬಿಟ್ಟಿದ್ದಳು. ಪಕ್ಕದ ಮನೆಯಾಕೆ, "ನಿಮ್ಮ ದೊಡ್ಡವಳು ಊರಲ್ಲಿಲ್ವಾ?" ಎಂದು ಕೇಳಿದ್ದರು. ಇದೆಲ್ಲ ಹೀಗೇ ನಡೆದರೆ ನನ್ನ ಸರದಿಯೂ ಬರುತ್ತದೆಂದು ನನಗೆ ಗೊತ್ತಿತ್ತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಬಂದವರ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಅಕ್ಕನ ಪರವಾಗಿ, ಇನ್ನರ್ಧ ನನಗಾಗಿಯೇ ಮುಂಗಡವಾಗಿ ಇಟ್ಟುಕೊಂಡದ್ದು.

ಫಾರಂನ ಉಪಾಯ ಸೋದರಮಾವನದು. ಅಮ್ಮನ ತಮ್ಮನಾದ ಅವನಿಗೆ ವಿಮಾ ಆಫೀಸಿನಲ್ಲಿ ಕೆಲಸ. ಆಫೀಸಿನಲ್ಲಿ ಕೆಲಸ ಬಿಟ್ಟು ಮಿಕ್ಕ ಎಲ್ಲ ವಿಷಯಗಳೂ ಅವನ ಕಿವಿಗೆ ಬೀಳುತ್ತಿದ್ದವು. "ನೋಡಿ ಭಾವ, ಮನೇಲಿ ನೋಡಿ ಬೇಡ ಅಂದ್ರೆ ಅವಮಾನ. ಹೊರಗಡೆ ಅಕಸ್ಮಾತ್ತಾಗಿ ಸಿಕ್ಕಿದ್ರೆ? ನೋಡಿದ್ರೂ ನೋಡಿದ ಹಾಗಲ್ಲ, ಬೇಡ ಅಂದ್ರೂ ಬೇಡ ಅಂದ ಹಾಗಲ್ಲ" ಎಂದು ಅಪ್ಪನಿಗೆ ತಿಳಿಹೇಳಿದ. ಗಂಡಿನ ಕಡೆಯವರು ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರಂತೆ. ಮಾತಿನಲ್ಲಿ ಸ್ವಲ್ಪ ತಮಿಳು ಬರುತ್ತದೆ, ಗಾಬರಿಯಾಗಬಾರದಂತೆ. ಕನ್ನಡಕ ಹಾಕಿದ ಅಜ್ಜಿ, ಕಪ್ಪು ಛತ್ರಿ ಹಿಡಿದ ಅಪ್ಪ, ಬಿಳಿ ಶರ್ಟಿನ ಹುಡುಗ. ಹನ್ನೊಂದು ಗಂಟೆಗೆ ಟರ್ಕಿ ಕೋಳಿಗಳ ಬೇಲಿಯ ಹತ್ತಿರ ಇರುತ್ತಾರೆ. ಆಗಿನ ಬೆಂಗಳೂರಿನಲ್ಲಿ ಪ್ರತಿಯೊಂದು ಮನೆಯಲ್ಲೂ ಒಬ್ಬ ಕನ್ನಡಕದ ಅಜ್ಜಿ, ಒಂದು ಕಪ್ಪು ಛತ್ರಿ, ಒಬ್ಬ ಬಿಳಿ ಶರ್ಟಿನ ಹುಡುಗ ಇದ್ದರೆಂಬುದು ಯಾರಿಗೂ ಹೊಳೆಯಲಿಲ್ಲ.

"ಆದ್ರೆ ಒಂದು" ಎಂದು ಮಾವ ಎಚ್ಚರಿಸಿದ. "ಎರಡು ಕಡೆಯವರೂ ಗೊತ್ತಿಲ್ಲದವರ ಹಾಗೇ ಇರ್ಬೇಕು. 'ನೀವೇನಾ ಅವರು' ಅಂತ ಬಾಯಿ ಬಿಟ್ರೋ, ಅದು ಹೆಣ್ಣು ನೋಡೋ ಶಾಸ್ತ್ರ ಆಗ್ಬಿಡುತ್ತೆ."

"ನೀನೂ ಬಾರೋ" ಎಂದಳು ಅಮ್ಮ.

"ನಾನು ಬಂದ್ರೆ ಅದು ಅಕಸ್ಮಾತ್ ಹೇಗಾಗುತ್ತೆ ಅಕ್ಕ?" ಎಂದ ಮಾವ. ಅವನಿಗೆ ಗಂಡಿನ ಕಡೆಯವರ ವಿಷಯ ಹೇಳಿದ್ದು ಆಫೀಸಿನ ಯಾರೋ. ಅವರ ಮುಖವನ್ನು ಅವನೂ ನೋಡಿರಲಿಲ್ಲ.

ಫಾರಂ ಇದ್ದದ್ದು ಕೆ.ಆರ್. ಪುರಂನಿಂದಾಚೆ. ಮಿಲಿಟರಿಯಿಂದ ನಿವೃತ್ತರಾದವರೊಬ್ಬರು ಹಸು, ಹಂದಿ, ಮೊಲ, ಬಾತುಕೋಳಿ ಸಾಕಿಕೊಂಡು, ಕ್ರಿಸ್‌ಮಸ್ ಊಟಕ್ಕೆಂದು ಕಂಟೋನ್ಮೆಂಟಿನ ಬಂಗಲೆಗಳಿಗೆ ಟರ್ಕಿ ಕೋಳಿ ಮಾರುತ್ತಿದ್ದರು. ಭಾನುವಾರ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಟಿಕೆಟ್ಟು ಸಿನಿಮಾದ ಗಾಂಧಿ ಕ್ಲಾಸಿಗಿಂತ ಅಗ್ಗ, ಜೊತೆಗೆ ತಲೆಗೊಂದು ಲೋಟ ಹಾಲು. ಅಪ್ಪ ಮಾವನ ಉಪಾಯಕ್ಕೆ ಒಪ್ಪಿದ್ದು ಆ ಹಾಲಿನ ವಿಷಯ ಕೇಳಿದ ಮೇಲೆ. ಸಂಬಂಧ ಕುದುರದಿದ್ದರೂ ಹಾಲಂತೂ ಸಿಗುತ್ತದೆ.

ಭಾನುವಾರ ಬೆಳಿಗ್ಗೆ ಅಮ್ಮ ಎದ್ದು ಪುಳಿಯೋಗರೆ, ಮೊಸರನ್ನ ಮಾಡಿದಳು. ಏಲಕ್ಕಿ ಮುಟ್ಟಲಿಲ್ಲ. ಕ್ಯಾರಿಯರ್, ನೀರಿನ ಕೂಜಾ, ಮುತ್ತುಗದ ಎಲೆಗಳ ಕಟ್ಟು ಹೊತ್ತುಕೊಂಡು ನಾಲ್ಕೂ ಜನ ಹಳೇ ಮದ್ರಾಸ್ ರಸ್ತೆಯ ಬಸ್ಸು ಹತ್ತಿದೆವು. ಕೆ.ಆರ್. ಪುರಂನಲ್ಲಿ ಇಳಿದು ದ್ರಾಕ್ಷಿ ತೋಟಗಳ ಮಗ್ಗುಲಲ್ಲಿ ಮಣ್ಣು ರಸ್ತೆಯ ಮೇಲೆ ನಡೆದೆವು. ಸೀರೆಗೆ ಧೂಳು ಹತ್ತದಂತೆ ಅಕ್ಕ ನೆರಿಗೆಗಳನ್ನು ಎತ್ತಿ ಹಿಡಿದಿದ್ದಳು. ಅವಳು ಆಗಲೇ ಹೆಬ್ಬೆರಳು ನೋಡುತ್ತಿದ್ದಳು.

ಟರ್ಕಿ ಕೋಳಿಗಳನ್ನು ನಾನು ಅದುವರೆಗೆ ನೋಡಿರಲಿಲ್ಲ. ದೊಡ್ಡ ಜಾತಿಯ ಕೋಳಿಗಳು, ಬೋಳು ತಲೆ, ಮೂಗಿನ ಮೇಲಿಂದ ಇಳಿಬಿದ್ದ ಕೆಂಪು ಚರ್ಮ. ರೆಕ್ಕೆ ಅಗಲಿಸಿಕೊಂಡು, ತಮ್ಮನ್ನು ನೋಡಲು ಜನ ಟಿಕೆಟ್ಟು ಕೊಂಡು ಬಂದಿದ್ದಾರೆಂದು ಗೊತ್ತಿರುವ ಠೀವಿಯಿಂದ ಓಡಾಡುತ್ತಿದ್ದವು. ಅವುಗಳ ತಂತಿಬೇಲಿಯ ಪಕ್ಕದಲ್ಲಿ ನಿಂತಿದ್ದರು ಅವರು: ಕನ್ನಡಕದ ಅಜ್ಜಿ, ಛತ್ರಿಯವರು, ಬಿಳಿ ಶರ್ಟು.

ಅಮ್ಮ ನನ್ನ ಮೊಣಕೈ ಹಿಂಡಿದಳು. ಅಪ್ಪ ಗಂಟಲು ಸರಿಮಾಡಿಕೊಂಡು, ಅಕಸ್ಮಾತ್ತಾಗಿ ಅವರ ಪಕ್ಕಕ್ಕೇ ಹೋಗಿ ನಿಂತರು. "ಬಿಸಿಲು ಜಾಸ್ತಿ" ಎಂದರು. "ಆಮಾ, ರೊಂಬ ಬಿಸಿಲು" ಎಂದರು ಛತ್ರಿಯವರು. ಅಪ್ಪ ಅಮ್ಮನ ಕಡೆ ತಿರುಗಿ ಹುಬ್ಬು ಏರಿಸಿದರು. ತಮಿಳು ಬಂದಿತ್ತು.

ಆಮೇಲೆ ಎಲ್ಲ ಸರಾಗವಾಗಿ ನಡೆಯಿತು. ಅವರು ಕಂಟೋನ್ಮೆಂಟಿನದೇ ಮರ್ಫಿ ಟೌನಿನವರು. ಅಜ್ಜಿ ಅಕ್ಕನನ್ನು ಹತ್ತಿರಕ್ಕೆ ಕರೆದು, ಏನು ಓದಿದ್ದೀಯ, ಎಷ್ಟು ವಯಸ್ಸು, ಜಡೆ ನಿಂದೇನಾ ಎಂದೆಲ್ಲ ಕೇಳಿದರು. ಕೈ ಹಿಡಿದು ನೋಡಿ, "ಒಳ್ಳೇ ಕೈ ಕಣಮ್ಮ, ಅಡಿಗೆ ಮಾಡೋ ಕೈ" ಎಂದರು. ಯಾವ ಅಜ್ಜಿಯಾದರೂ ಯಾವ ಹುಡುಗಿಗಾದರೂ ಹೇಳುವ ಮಾತು. ಅಮ್ಮನಿಗೆ ಕಣ್ಣಲ್ಲಿ ನೀರು ಬಂತು. ಹುಡುಗನಿಗೆ ಮಾತ್ರ ಅಕ್ಕನ ಕಡೆ ಲಕ್ಷ್ಯವೇ ಇರಲಿಲ್ಲ. ಅವನು ಬಾತುಕೋಳಿಗಳಿಗೆ ಕಡಲೆಪುರಿ ಎಸೆಯುತ್ತಿದ್ದ. "ಎಷ್ಟು ಸಂಕೋಚ ನೋಡಿ, ಸಂಭಾವಿತ ಹುಡುಗ" ಎಂದು ಅಮ್ಮ ಅಪ್ಪನಿಗೆ ಪಿಸುಗುಟ್ಟಿದಳು.

ಊಟಕ್ಕೆ ಹುಣಿಸೆ ಮರದ ಕೆಳಗೆ ಎರಡೂ ಮನೆಯವರು ಜೊತೆಯಲ್ಲೇ ಕೂತೆವು. ಅವರ ಕ್ಯಾರಿಯರಿನ ಮೇಲಿನ ಡಬ್ಬಿ ತೆಗೆದಾಗ ಅದರಲ್ಲಿ ಬೇಯಿಸಿದ ಮೊಟ್ಟೆಗಳಿದ್ದವು. ನಮ್ಮ ಮನೆಯಲ್ಲಿ ಕೇಕ್ ತಿಂದರೂ ಬಾಯಿ ಮುಕ್ಕಳಿಸಬೇಕಾಗಿತ್ತು. ಅಮ್ಮ ಡಬ್ಬಿ ನೋಡಿದಳು, ಅಪ್ಪನನ್ನು ನೋಡಿದಳು.

"ಈಗ ಎಲ್ರೂ ತಿಂತಾರೆ" ಎಂದರು ಅಪ್ಪ, ತುಟಿ ಅಲ್ಲಾಡಿಸದೆ. "ಡಾಕ್ಟರೇ ಹೇಳ್ತಾರೆ."

"ಅಷ್ಟೊಂದಾ?"

"ಸುಮ್ನಿರು."

ಅಮ್ಮ ಸುಮ್ಮನಾದಳು. ಅಷ್ಟೇ ಅಲ್ಲ, ಪುಳಿಯೋಗರೆಯನ್ನು ಎಲೆಗೆ ಹಾಕಿ ತಾನೇ ಮುಂದೆ ಹೋಗಿ ಅಜ್ಜಿಗೆ ಕೊಟ್ಟಳು. ಮೊಟ್ಟೆಯ ವಾಸನೆಗೆ ಬೀದಿಯ ಆಚೆ ಬದಿಗೆ ಹೋಗಿ ನಡೆಯುತ್ತಿದ್ದ ಹೆಂಗಸು. ನನಗೆ ಆಗ ತಮಾಷೆಯೆನಿಸಿತ್ತು. ಈಗ ಯೋಚಿಸಿದರೆ ಹಾಗನಿಸುವುದಿಲ್ಲ. ಅಮ್ಮ ಅಷ್ಟು ದೂರ ಬಂದುಬಿಟ್ಟಿದ್ದಳು.

ನಮ್ಮಿಬ್ಬರ ಊಟ ಮುಗಿಯುತ್ತಲೇ ಅಪ್ಪ, "ಹೋಗಿ ಬಾತುಕೋಳಿ ನೋಡ್ಕೊಂಡು ಬನ್ನಿ" ಎಂದು ಅಕ್ಕನನ್ನೂ ಕಾವಲಿಗೆ ನನ್ನನ್ನೂ ಕೊಳದ ಕಡೆ ಕಳಿಸಿದರು. ಬಿಳಿ ಶರ್ಟು ಅಲ್ಲೇ ಇತ್ತು. ಅಕ್ಕ ಹೆಬ್ಬೆರಳು ನೋಡುತ್ತಾ ನಿಂತಳು. ಅವನು ಉಳಿದ ಕಡಲೆಪುರಿಯನ್ನು ನಮಗೆ ಕೊಟ್ಟು, "ಹಾಕಿ ಸಿಸ್ಟರ್, ಚೆನ್ನಾಗಿ ತಿಂತವೆ" ಎಂದ. "ನನ್ ಹೆಂಡ್ತಿಗೆ ಬಾತುಕೋಳಿ ಅಂದ್ರೆ ಪ್ರಾಣ. ಹೆರಿಗೆಗೆ ಅಂತ ಕೋಲಾರಕ್ಕೆ ಹೋಗಿದ್ದಾಳೆ. ಇವತ್ತು ಇದ್ದಿದ್ರೆ ಕುಣಿದಾಡ್ಬಿಡ್ತಿದ್ಲು."

ಅಕ್ಕ ತಲೆ ಎತ್ತಿದಳು. ಅವನನ್ನು ನೋಡಿದಳು, ದೂರದಲ್ಲಿ ಅಜ್ಜಿಗೆ ಎರಡನೆಯ ಸಲ ಮೊಸರನ್ನ ಬಡಿಸುತ್ತಿದ್ದ ಅಮ್ಮನನ್ನು ನೋಡಿದಳು. "ಒಳ್ಳೇದು, ಸುಖವಾಗಿ ಆಗ್ಲಿ" ಎಂದು ಅವನಿಗೆ ಹೇಳಿ, ನನ್ನ ಕೈ ಹಿಡಿದು ಟರ್ಕಿಗಳ ಬೇಲಿಯವರೆಗೆ ಎಳೆದುಕೊಂಡು ಬಂದಳು.

"ಅಮ್ಮನಿಗೆ ಹೇಳ್ಬೇಡ ಕಣೇ."

"ಯಾಕೆ?"

"ಇವತ್ತು ನನ್ನ ಯಾರೂ ನೋಡ್ತಾ ಇಲ್ಲ. ಒಂದಿನ ಹೀಗೇ ಇರ್ಲಿ."

ನಾನು ಹೇಳುವುದಿಲ್ಲವೆಂದು ಆಣೆ ಮಾಡಿದೆ. ಬೇಲಿಯ ಆಚೆ ಅಮ್ಮ ಅಜ್ಜಿಯ ಎಲೆಗೆ ಉಪ್ಪಿನಕಾಯಿ ಹಾಕುತ್ತಿದ್ದಳು. ಅಪ್ಪ ಛತ್ರಿಯವರಿಗೆ ಹಸುವಿನ ಕೆಚ್ಚಲಿನ ಬಗ್ಗೆ ಏನೋ ವಿವರಿಸುತ್ತಿದ್ದರು. ಅಪ್ಪನಿಗೆ ಹಸುವಿನ ಬಗ್ಗೆ ಗೊತ್ತಿದ್ದದ್ದು ಅದು ಹಾಲು ಕೊಡುತ್ತದೆ ಎಂಬುದಷ್ಟೇ. ಅಕ್ಕನ ಗಂಟಲಲ್ಲಿ ಎರಡು ಸಲ ಬಿಕ್ಕಳಿಕೆಯಂಥದ್ದು ಸಿಕ್ಕಿಕೊಂಡಿತು. ನನಗೆ ಗೊತ್ತಾಯಿತು, ಬಂತು.

ಅಕ್ಕ ನಕ್ಕಳು. ಅಷ್ಟು ತಿಂಗಳು ಒಳಗೆ ತಡೆದಿಟ್ಟದ್ದೆಲ್ಲ ಒಟ್ಟಿಗೇ ಬಂತು. ತಕ್ಷಣ ಬೇಲಿಯೊಳಗಿನ ಗಂಡು ಟರ್ಕಿಗಳೆಲ್ಲ ಕತ್ತು ಮುಂದೆ ಚಾಚಿ, ಒಂದೇ ಉಸಿರಿಗೆ "ಗಳಗಳಗಳ" ಎಂದವು. ಟರ್ಕಿಗಳಿಗೆ ಜೋರಾದ ಸದ್ದು ಕೇಳಿದರೆ ಉತ್ತರ ಕೊಡುವ ಚಾಳಿಯಂತೆ. ನಮಗೆ ಅದು ಗೊತ್ತಿರಲಿಲ್ಲ. ಅಕ್ಕ ಬೆಚ್ಚಿ ಸುಮ್ಮನಾದಳು, ಅವೂ ಸುಮ್ಮನಾದವು. ಅವಳಿಗೆ ಇನ್ನೂ ನಗು ಬಂತು, ಅವೂ ಮತ್ತೆ ಗಳಗಳಗಳ. ಅಕ್ಕ ಬೇಲಿಯ ಕಂಬ ಹಿಡಿದು ಬಗ್ಗಿ ನಕ್ಕಳು. ಹಸಿರು ಸೀರೆಯ ಸೆರಗು ಮಣ್ಣಿನಲ್ಲಿ ಬಿದ್ದಿತ್ತು. ಕೆಲಸದಾಳುಗಳು ಹಾಲಿನ ಕ್ಯಾನು ಕೆಳಗಿಟ್ಟು ನೋಡಿದರು. ಹಂದಿಗಳ ಹತ್ತಿರವಿದ್ದ ಮಕ್ಕಳು ಓಡಿಬಂದರು.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಎಲ್ಲ ಮುಗಿಯಿತೆಂಬಂತೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ತಾವೂ ನಗುತ್ತಿದ್ದರು. "ಎನ್ನ ಸಿರಿಪ್ಪು! ಮನೆ ತುಂಬುತ್ತೆ ಕಣಮ್ಮ ಈ ನಗು" ಎಂದರು. ಅಮ್ಮನಿಗೆ ಹೋದ ಜೀವ ಬಂತು.

ಆದರೆ ಬೇಲಿಯ ಎದುರಿನ ಕಲ್ಲುಬೆಂಚಿನ ಮೇಲೆ ಇನ್ನೊಬ್ಬರು ಕೂತಿದ್ದರು. ಪಕ್ಕದಲ್ಲಿ ಹೆಂಡತಿ, ಹಿಂದೆ ಒಬ್ಬ ಮಗ. ಅವರು ಬೆಳಿಗ್ಗೆಯಿಂದ ನಾವು ಹೋದಲ್ಲೆಲ್ಲ ಕಾಣಿಸುತ್ತಿದ್ದರು, ಒಂದು ಪ್ರಾಣಿಯನ್ನೂ ನೋಡಿರಲಿಲ್ಲ. ಈಗ ಎದ್ದು ನಿಂತು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ, ಮುಡಿಯಿಂದ ಅಡಿಯವರೆಗೆ ನೋಡಿ, ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಮೂಗು ಮುರಿದರು.

ಅಪ್ಪ ಅದನ್ನು ನೋಡಿದರು. ನಮ್ಮ ಅಪ್ಪ ಜಗಳದ ಮನುಷ್ಯರಲ್ಲ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡರೆ ತಾವೇ ಸಾರಿ ಎನ್ನುವವರು. ಅಂಥವರು ಎಂಜಲು ಕೈಯಲ್ಲೇ ಎದ್ದು ಹೋಗಿ ಅವರ ಮುಂದೆ ನಿಂತರು.

"ಏನ್ರೀ, ಟಿಕೆಟ್ ತಗೊಂಡಿರೋದು ಪ್ರಾಣಿ ನೋಡೋಕೆ. ನನ್ ಮಗಳನ್ನ ಯಾಕ್ರೀ ಹಾಗೆ ನೋಡ್ತೀರಿ?"

ಆ ಮನುಷ್ಯರ ಬಾಯಿ ತೆರೆಯಿತು. ಅವರಿಗೆ ಹೇಳಲು ಏನೋ ಇತ್ತು, ಹೇಳುವ ಹಾಗಿರಲಿಲ್ಲ. ಹೆಂಡತಿಯ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಬೆಂಚಿಗೆ ಒರಗಿಸಿದ್ದ ಕಪ್ಪು ಛತ್ರಿ ತೆಗೆದುಕೊಂಡು, ಹಾಲನ್ನೂ ಕುಡಿಯದೆ ಗೇಟಿನ ಕಡೆ ನಡೆದರು. ಮಗ ಹಿಂದಿನಿಂದ ಹೋದ. ಅವನೂ ಬಿಳಿ ಶರ್ಟು ಹಾಕಿದ್ದ.

ವಾಪಸ್ಸು ಬರುವಾಗ ಮನೆಯವರೆಲ್ಲ ಗೆಲುವಾಗಿದ್ದರು. ಅಮ್ಮ ಬಸ್ಸಿನಲ್ಲಿ ಮದುವೆ ಛತ್ರದ ಬಗ್ಗೆ ಮಾತಾಡಿದಳು. ಮೊಟ್ಟೆಯ ವಿಷಯವನ್ನು ಮದುವೆಯ ಮುಂಚೆಯೇ ಎತ್ತಬೇಕೋ ಆಮೇಲೋ ಎಂದು ಅಪ್ಪನನ್ನು ಕೇಳಿದಳು. ಅಕ್ಕ ಕಿಟಕಿಯ ಹೊರಗೆ ನೋಡುತ್ತಾ ಇದ್ದಳು. ಅವಳ ಭುಜ ಮಾತ್ರ ಅಲ್ಲಾಡುತ್ತಿತ್ತು.

ಎರಡು ದಿನ ಬಿಟ್ಟು ಸಂಜೆ ಮಾವ ಬಂದ. ಚಪ್ಪಲಿ ಬಿಡುವ ಮುಂಚೆಯೇ, "ಏನ್ ಭಾವ ಹೀಗ್ ಮಾಡ್ಬಿಟ್ರಿ?" ಎಂದ.

"ಯಾಕೋ? ಅಜ್ಜಿಗೆ ಎಷ್ಟು ಒಪ್ಪಿಗೆ ಆಯ್ತು ಗೊತ್ತಾ? ಕೈ ಹಿಡಿದುಕೊಂಡು ಬಿಡ್ಲೇ ಇಲ್ಲ" ಎಂದಳು ಅಮ್ಮ.

"ಯಾವ ಅಜ್ಜಿ? ಅವರ ಮನೆ ಅಜ್ಜಿಗೆ ಮಂಡಿ ನೋವು, ಅವತ್ತು ಬರ್ಲೇ ಇಲ್ಲ. ಬಂದಿದ್ದು ಮೂರೇ ಜನ. ಹುಡುಗಿ ಊರು ಕೇಳೋ ಹಾಗೆ ನಗ್ತಾಳೆ, ಅವರಪ್ಪ ಜನರ ಮುಂದೆ ಮಾನ ಕಳೀತಾರೆ ಅಂತ ಹೇಳಿ ಕಳಿಸಿದ್ದಾರೆ. ಅವರನ್ನೇ ಬೈದು ಓಡಿಸಿದ್ದೀರಲ್ಲ!"

ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಮೊದಲು ಅವಳಿಗೆ ನೆನಪಾದದ್ದು ಮೊಟ್ಟೆಯಿರಬೇಕು, ಎರಡು ಸಲ "ಶಿವ ಶಿವ" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ರೀ, ನಾಳೆ ಹೋಗಿ ಅವರ ಕಾಲಿಗಾದ್ರೂ ಬಿದ್ದು ಬನ್ನಿ. ಅವರು ಅಂತ ಗೊತ್ತಾಗ್ಲಿಲ್ಲ, ಗೊತ್ತಾಗಿದ್ರೆ ಹಾಗೆ ಅಂತಿರ್ಲಿಲ್ಲ ಅಂತ ಹೇಳಿ."

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅಕ್ಕನ ಕೈ ನಿಂತಿತು. ನಾನು ಬಾಗಿಲ ಹತ್ತಿರ ನಿಂತು ಅಪ್ಪನ ಬಾಯನ್ನೇ ನೋಡುತ್ತಿದ್ದೆ. ಅಪ್ಪ ಹೋಗುತ್ತೇನೆಂದರೆ ಮುಂದಿನ ವಾರ ಮನೆಯಲ್ಲಿ ಮತ್ತೆ ರವೆ ಹುರಿಯುತ್ತದೆ, ಅಕ್ಕ ಮತ್ತೆ ಹೆಬ್ಬೆರಳು ನೋಡುತ್ತಾಳೆ.



"ಹೌದು" ಎಂದರು ಅಪ್ಪ. "ಗೊತ್ತಾಗಿದ್ರೆ ಅಂತಿರ್ಲಿಲ್ಲ. ಅವನು ಹಾಗೆ ನೋಡ್ತಿದ್ರೆ ನಾನು ಪಕ್ಕದಲ್ಲಿ ನಿಂತ್ಕೊಂಡು ಕಾಫಿ ಕೊಡ್ತಿದ್ದೆ. ಇಷ್ಟು ದಿನ ಕೊಟ್ಟಿದ್ದೀನಲ್ಲ."

"ಮತ್ತೆ ಅವರಿಗೇನು ಹೇಳ್ಲಿ ಭಾವ?"

"ನಗ್ತಾಳೆ, ಜೋರಾಗೇ ನಗ್ತಾಳೆ, ಅದು ನಿಜ ಅಂತ ಹೇಳು."

ಅಮ್ಮ ಅಂದು ರಾತ್ರಿ ಊಟ ಮಾಡಲಿಲ್ಲ, ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಳು. ಅಕ್ಕನಿಗೆ ಮದುವೆಯಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ವಿಚಾರಿಸಿಕೊಂಡು ಬಂದವರಿಗೆಲ್ಲ ಅಪ್ಪ ಬಾಗಿಲಲ್ಲೇ, "ಹುಡುಗಿ ನಗೋದು ಜೋರು, ಒಪ್ಪಿಗೆ ಇದ್ರೆ ಒಳಗೆ ಬನ್ನಿ" ಎನ್ನುತ್ತಿದ್ದರು. ಹಲವರು ಹಾಗೇ ತಿರುಗಿ ಹೋದರು. ಕೇಸರಿಬಾತಿನ ಖರ್ಚು ಬಹಳ ಉಳಿಯಿತು.

ಅದೆಲ್ಲ ಆಮೇಲಿನ ಮಾತು. ಅಮ್ಮ ಮಾತಾಡಲು ಶುರುಮಾಡಿದ ಮೇಲಿನ ಭಾನುವಾರ ಅಪ್ಪ, "ಫಾರಂಗೆ ಹೋಗೋಣ" ಎಂದರು. ಯಾರೂ ಸೀರೆ ಇಸ್ತ್ರಿಗೆ ಕೊಡಲಿಲ್ಲ. ಈ ಸಲ ನಿಜವಾಗಿಯೂ ಹಂದಿ ನೋಡಿದೆವು, ಮೊಲ ನೋಡಿದೆವು, ಹಾಲು ಕುಡಿದೆವು. ಕೊನೆಯಲ್ಲಿ ಟರ್ಕಿಗಳ ಬೇಲಿಯ ಮುಂದೆ ಬಂದು ನಿಂತೆವು. ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಟರ್ಕಿಗಳನ್ನೇ ನೋಡುತ್ತಾ ಹೇಳಿದರು:

"ನಗಮ್ಮ."

ಅಕ್ಕನಿಗೆ ಆಗಲಿಲ್ಲ. ಹೇಳಿದರೆ ಬರುವ ನಗುವಲ್ಲ ಅದು. ಅವಳ ಕಣ್ಣು ತುಂಬಿಕೊಂಡಿತು. ಟರ್ಕಿಗಳು ಕತ್ತು ಎತ್ತಿ ಕಾಯುತ್ತಿದ್ದವು. ಅಪ್ಪ ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಾವೇ ಬಾಯಿ ತೆರೆದು, "ಹ. ಹ. ಹ" ಎಂದರು. ಜನ್ಮದಲ್ಲಿ ಜೋರಾಗಿ ನಗದ ಮನುಷ್ಯ. ಅಳತೆ ಹಿಡಿದು ಒಂದೊಂದಾಗಿ ಹೊರಗಿಟ್ಟ ಹಾಗಿತ್ತು. ಒಂದು ಟರ್ಕಿಯೂ ಉತ್ತರ ಕೊಡಲಿಲ್ಲ. ಅಪ್ಪ ಮತ್ತೊಂದು ಸಲ, ಇನ್ನೂ ಗಂಭೀರವಾಗಿ, "ಹ. ಹ. ಹ" ಎಂದರು.

ಅಕ್ಕನ ಗಂಟಲಲ್ಲಿ ಬಿಕ್ಕಳಿಕೆ ಸಿಕ್ಕಿಕೊಂಡಿತು. ಅಮ್ಮ ಅಭ್ಯಾಸಬಲದಿಂದ ಅವಳನ್ನು ತಡೆಯಲು ಕೈ ಎತ್ತಿದಳು, ಆಮೇಲೆ ಆ ಕೈಯಿಂದ ತನ್ನ ಕಣ್ಣು ಒರೆಸಿಕೊಂಡಳು. ಬೇಲಿಯೊಳಗೆ ಎಲ್ಲ ಟರ್ಕಿಗಳೂ ಒಟ್ಟಿಗೇ ಕೂಗಿದವು.